ದಿಲೆ ಯಾರ ಮಗಳು

ಆಂಧ್ರದ ಮಡಕಶಿರದಲ್ಲಿ ಕೂತು ಅಲ್ಬೇನಿಯನ್ ಭಾಷೆಯ ಕೆಲಸ ಮಾಡುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಅದು ಯಾವ ದೇಶದ್ದು ಎಂದು ಕೇಳುತ್ತಾರೆ. ನಾನು ಪೊಲೀಸ್ ಇಲಾಖೆಯಲ್ಲಿ ತಲೆ ನರೆಸಿಕೊಂಡವಳು. ನಗುವವರನ್ನು ಕಂಡು ಕೆಲಸ ಬಿಡುವ ಅಭ್ಯಾಸ ನನಗಿಲ್ಲ.

ಆ ಭಾಷೆ ನನಗೆ ಬಂದದ್ದು ಹೀಗೆ. ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಗ ಒಂದು ಅಂತಾರಾಷ್ಟ್ರೀಯ ಪೊಲೀಸ್ ಪಡೆಗೆ ಆಯ್ಕೆಯಾಗಿ ಕೊಸೊವೊಗೆ ಹೋದೆ. ಆಗಷ್ಟೇ ಯುದ್ಧ ಮುಗಿಸಿಕೊಂಡು ಕೂತಿದ್ದ ನಾಡು. ಠಾಣೆಗೆ ಬರುತ್ತಿದ್ದ ಹೆಂಗಸರು ಗಂಡಸು ದುಭಾಷಿಯ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವರಿಗಾಗಿ ಅವರ ಮಾತು ಕಲಿತೆ. ನಾನು ಬಾಡಿಗೆಗಿದ್ದ ಮನೆಯೊಡತಿ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕಲಿಸಿದಳು. ಅದು ಪುಸ್ತಕದ ಅಲ್ಬೇನಿಯನ್ ಅಲ್ಲ; ಉತ್ತರದ ಗುಡ್ಡಗಾಡಿನ ಜನ ಆಡುವ ಘೆಗ್ ಎಂಬ ಆಡುನುಡಿ. ಶಾಲೆಯಲ್ಲಿ ಅಲ್ಬೇನಿಯನ್ ಕಲಿತ ಹೊರಗಿನವರಿಗೆ ಅದು ಅರ್ಧ ಸಿಕ್ಕುತ್ತದೆ, ಅರ್ಧ ಜಾರಿಹೋಗುತ್ತದೆ.

ನಿವೃತ್ತಿಯಾಗಿ ಗಂಡನ ಊರಿನಲ್ಲಿ ನೆಲೆಸಿದ ಮೇಲೆ, ಜನರ ವಂಶದ ಇತಿಹಾಸ ಹುಡುಕಿಕೊಡುವ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡತೊಡಗಿದೆ. ಧ್ವನಿಮುದ್ರಣಗಳು ಬರುತ್ತವೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕು; ಅದರ ಕೆಳಗೆ ಪುಸ್ತಕದ ಭಾಷೆಯ ರೂಪ; ಅದರ ಕೆಳಗೆ ಇಂಗ್ಲಿಷು. ಅದರಲ್ಲಿ ಬರುವ ನಂಟರನ್ನೆಲ್ಲ ಹೆಕ್ಕಿ ವಂಶವೃಕ್ಷದಲ್ಲಿ ಕೂರಿಸಬೇಕು. ಕಂಪನಿಯ ಪರವಾಗಿ ನನ್ನ ಜೊತೆ ಮಾತಾಡುವ ಸಂಯೋಜಕ ಹಿಂದೂಪುರದ ಕಡೆಯವನು, ಬೆಂಗಳೂರಿನ ಕಚೇರಿಯಲ್ಲಿ ಕೂರುತ್ತಾನೆ. ಒಳ್ಳೆಯವನೇ. ಆದರೆ ಒಂದು ಕೆಲಸ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದಾಯಿತು ಎಂದು ನಂಬಿದವನು.

ನಾನು ಹೇಳಹೊರಟಿರುವುದು ಆಸ್ಟ್ರೇಲಿಯಾದ ಒಬ್ಬ ಹೆಂಗಸಿನ ತಾಯಿಯ ವಿಷಯ. ಆ ಹೆಂಗಸಿಗೆ ಎಪ್ಪತ್ತರ ಹತ್ತಿರ. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳ ತಾಯಿಯ ಹೆಸರು ದಿಲೆ. ಹುಡುಗಿಯಾಗಿದ್ದಾಗ ಉತ್ತರ ಅಲ್ಬೇನಿಯಾದ ಒಂದು ಹಳ್ಳಿಯಿಂದ ಗಡಿ ದಾಟಿ ಓಡಿಬಂದು, ಯುಗೊಸ್ಲಾವಿಯಾ, ಇಟಲಿಯ ನಿರಾಶ್ರಿತರ ಶಿಬಿರ ಎಂದು ಅಲೆದು, ಕೊನೆಗೆ ಹಡಗಿನಲ್ಲಿ ಆಸ್ಟ್ರೇಲಿಯಾ ಸೇರಿದವಳು. ಮಗಳಿಗೆ ತನ್ನ ಭಾಷೆಯನ್ನು ಕಲಿಸಲಿಲ್ಲ, ತವರಿನ ಸುದ್ದಿ ಎತ್ತಲಿಲ್ಲ. ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಈಗ ಸಮಾಧಿಯ ಕಲ್ಲು ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಬೇಕಾಗಿತ್ತು. ಹಳೆಯ ಕಲ್ಲಿನ ಮೇಲೆ ಇದ್ದದ್ದು ಬರೀ ದಿಲೆ ಎಂಬ ಹೆಸರು.

ಮಗಳು ನಮಗೆ ಬರೆದದ್ದು ಇಷ್ಟೇ: ನನ್ನಮ್ಮ ಯಾರ ಮಗಳು ಎಂದು ಕಲ್ಲಿನ ಮೇಲೆ ಬರೆಸಬೇಕು, ಅದು ನನಗೆ ಗೊತ್ತಿಲ್ಲ.

ಅವಳ ಹತ್ತಿರ ಇದ್ದದ್ದು ಒಂದಷ್ಟು ಹಳೆಯ ಕ್ಯಾಸೆಟ್ಟುಗಳು. ಚಿಕ್ಕವಳಿದ್ದಾಗ ಹೊಸ ಟೇಪ್ ರೆಕಾರ್ಡರಿನ ಹುಚ್ಚಿನಲ್ಲಿ, ಅಡುಗೆ ಮಾಡುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದ ಅಮ್ಮನ ದನಿಯನ್ನು ಹಿಡಿದಿಟ್ಟಿದ್ದಳು. ನನಗಿಂತ ಮೊದಲು ಅವನ್ನು ಕೇಳಿದ್ದ ಇಬ್ಬರು ಅನುವಾದಕರು ಏನೂ ಅರ್ಥವಾಗುತ್ತಿಲ್ಲ ಎಂದು ವಾಪಸ್ಸು ಕಳಿಸಿದ್ದರು. ನನಗೆ ಕಿವಿಗಿಟ್ಟ ಕೂಡಲೇ ಅರ್ಥವಾಯಿತು. ನನ್ನ ಮನೆಯೊಡತಿಯದೇ ಮಾತು, ಸ್ವಲ್ಪ ಹೆಚ್ಚು ಒರಟು ಅಷ್ಟೇ.

ಮೊದಲ ತೊಡಕು ಮನೆತನದ ಹೆಸರಿನದು. ಶಿಬಿರದ ಚೀಟಿಯಲ್ಲಿ ಒಂದು, ಹಡಗಿನ ದಾಖಲೆಯಲ್ಲಿ ಇನ್ನೊಂದು, ಮದುವೆಯ ಪತ್ರದಲ್ಲಿ ಮತ್ತೊಂದು. ಕಂಪನಿಯವರು ಈ ಹೆಂಗಸು ತನ್ನ ಗುರುತು ಮರೆಮಾಡಿದ್ದಾಳೆ ಎಂದು ಷರಾ ಬರೆದಿದ್ದರು. ನಾನು ಒಪ್ಪಲಿಲ್ಲ. ನಮ್ಮ ಕಡೆ ಕನ್ನಡದವರಿಗೆ ತೆಲುಗರ ಹಾಗೆ ಇಂಟಿಪೇರು, ಎಂದರೆ ಮನೆತನದ ಹೆಸರು, ಎಂಬುದೇ ಇಲ್ಲ. ಆದರೆ ಆಂಧ್ರದ ಅರ್ಜಿಗಳಲ್ಲಿ ಅದಕ್ಕೊಂದು ಖಾನೆ ಇರುತ್ತದೆ. ಕಚೇರಿಯ ಗುಮಾಸ್ತರು ಒಮ್ಮೆ ಊರಿನ ಹೆಸರು, ಒಮ್ಮೆ ತಾತನ ಹೆಸರು, ಒಮ್ಮೆ ತಮಗೆ ತೋಚಿದ್ದು ಬರೆದುಬಿಡುತ್ತಾರೆ. ನನ್ನ ದಾಖಲೆಗಳಲ್ಲೇ ಮೂರು ಬಗೆ ಇವೆ. ನಾನೇನು ಮರೆಮಾಡಿದವಳಲ್ಲ.

ದಿಲೆಯ ಮೂರು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದು ಅವಳ ತಂದೆಯ ಹೆಸರು, ಲೇಕ. ಎರಡನೆಯದು ಅಜ್ಜನದು. ಮೂರನೆಯದು ಅವರ ಫಿಸ್. ಫಿಸ್ ಎಂದರೆ ನಮ್ಮ ಕುರುಬರ ಬೆಡಗಿನ ಹಾಗೆ: ಒಬ್ಬ ಮೂಲಪುರುಷನಿಂದ ಬಂದ ಗಂಡಸರ ಸಾಲು, ಅದರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಶಿಬಿರಗಳಲ್ಲಿ ಯಾರು ಹೇಗೆ ಕೇಳಿದರೋ ಅವಳು ಹಾಗೆ ಉತ್ತರಿಸಿದ್ದಳು. ಮೂರೂ ನಿಜ. ಫಿಸ್ ಗೊತ್ತಾದ ಮೇಲೆ ಹಳ್ಳಿ ಗೊತ್ತಾಯಿತು. ಆ ಹಳ್ಳಿಯಿಂದ ಇಟಲಿಗೆ ದುಡಿಯಲು ಹೋದವರ ಒಂದು ಬಳಗ ಮೊಬೈಲಿನಲ್ಲಿ ಸಿಕ್ಕಿತು. ಅವರ ಮೂಲಕ, ಆ ಮನೆತನದಲ್ಲಿ ಉಳಿದಿರುವ ಅತಿ ಹಿರಿಯನ ಫೋನ್ ನಂಬರು ಸಿಕ್ಕಿತು. ಕಲ್ಲಿನ ಮೇಲೆ ಕೆತ್ತುವ ಮೊದಲು ಮನೆಯವರೊಬ್ಬರು ಹೌದು ಎನ್ನಬೇಕಿತ್ತು.

ಅಷ್ಟರಲ್ಲಿ ನಾನು ವೃಕ್ಷದ ಮೊದಲ ಕರಡು ಕಳಿಸಿದ್ದೆ. ದಿಲೆಗೆ ಮೂವರು ತಂಗಿಯರು ಎಂದು ಬರೆದಿದ್ದೆ: ಬಾಲ, ಲಾರ, ಮುರ್ರ. ಟೇಪಿನಲ್ಲಿ ಅವಳು ಆ ಹೆಸರುಗಳನ್ನು ಮತ್ತೆ ಮತ್ತೆ ಕರೆಯುತ್ತಿದ್ದಳು, ಬಾರೇ, ಹತ್ತಿರ ಬಾರೇ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಆ ಹಿರಿಯನಿಗೆ ಫೋನ್ ಮಾಡಿದೆ. ನಮಗೆ ಮಧ್ಯಾಹ್ನವೆಂದರೆ ಅವರಿಗೆ ಬೆಳಿಗ್ಗೆ. ಅವನ ಮಾತನ್ನು ನನ್ನ ತವರು ರಾಯದುರ್ಗದ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸಿತು. ನಾನು ಯಾರು, ಎಲ್ಲಿಂದ ಎಂದು ಹೇಳಿ, ಲೇಕನ ಮಗಳು ದಿಲೆ ಎಂಬಾಕೆ ನಿಮ್ಮ ಮನೆಯವಳೇ ಎಂದು ಕೇಳಿದೆ.

"ಅಂಥಾಕಿ ಯಾರೂ ನಮ್ಮ ಮನ್ಯಾಗ ಇದ್ದಿಲ್ಲ" ಎಂದ.

"ಬಾಲ, ಲಾರ, ಮುರ್ರ ಅಂತ ಹೆಣ್ಣುಮಕ್ಕಳಿದ್ದರೇ?"

"ನೀವು ಯಾರ ಜೋಡಿ ಚಾಷ್ಟಿ ಮಾಡಾಕತ್ತೀರಿ?" ಎಂದ. ನಾನು ಕ್ಷಮೆ ಕೇಳಿದೆ. ಫೋನಿಡುತ್ತಾನೆ ಅಂದುಕೊಂಡೆ. ಇಡಲಿಲ್ಲ.

"ಎಲ್ಲಿ ಸತ್ಲು?" ಎಂದು ಕೇಳಿದ.

ನಾನು ಆಸ್ಟ್ರೇಲಿಯಾ ಎಂದೆ. ಫೋನ್ ಇಟ್ಟ.

ಅವಳು ಸತ್ತಿದ್ದಾಳೆ ಎಂದು ನಾನು ಹೇಳಿರಲೇ ಇಲ್ಲ. ಸಂಯೋಜಕನಿಗೆ ಇದನ್ನು ಹೇಳಿದಾಗ ಅವನು, "ಮೇಡಂ, ಬದುಕಿದ್ರೆ ತೊಂಬತ್ತೈದರ ಮೇಲಾಗಿರೋರು. ಸತ್ತಿರ್ತಾರೆ ಅಂತ ಯಾರಾದ್ರೂ ಊಹೆ ಮಾಡ್ತಾರೆ" ಎಂದ.

"ಸತ್ತಿರ್ತಾಳೆ ಅಂತ ಊಹೆ ಮಾಡಬಹುದಪ್ಪ. ಆದ್ರೆ ಗೊತ್ತಿಲ್ಲದ ಹೆಂಗಸು ಎಲ್ಲಿ ಸತ್ತಳು ಅಂತ ಯಾರೂ ಕೇಳಲ್ಲ."

"ಅವರೇ ಇಲ್ಲ ಅಂದ್ಮೇಲೆ ನಾವೇನ್ ಮಾಡೋಕಾಗುತ್ತೆ? ಇಟಲಿಯ ಬಳಗದವರು ಕಳಿಸಿದ ಆ ಮನೆತನದ ವಂಶವೃಕ್ಷದ ಪಟ ನನಗೂ ಬಂತು, ನೋಡಿದೆ. ಅದ್ರಲ್ಲಿ ದಿಲೆ ಇಲ್ಲ."

"ಅದ್ರಲ್ಲಿ ಯಾವ ಹೆಂಗಸೂ ಇಲ್ಲ. ಬರೀ ಗಂಡಸರು ಗಂಡಸರನ್ನ ಹೆತ್ತಿದ್ದಾರೆ."

ಅವನು ನಗಲಿಲ್ಲ. "ಆ ಅಜ್ಜನಿಗೆ ಬೇಡ ಅಂದ್ರೆ ಬೇಡ ಅಲ್ವಾ ಮೇಡಂ. ಅವರನ್ನ ಕಾಡೋ ಹಕ್ಕು ನಮಗಿಲ್ಲ. ಪತ್ತೆಯಾಗಲಿಲ್ಲ ಅಂತ ಬರೆದು ಮುಗಿಸೋಣ. ನಿಮ್ಮದೊಂದು ಸಹಿ ಹಾಕಿ ಕಳಿಸಿ."

ಅವನ ಮಾತಿನಲ್ಲಿ ಅರ್ಧ ನ್ಯಾಯವಿತ್ತು. ಅದಕ್ಕೇ ಕೋಪ ಹೆಚ್ಚು ಬಂತು. ಬಾಗಿಲು ಹಾಕಿಕೊಂಡವನ ಬಾಗಿಲನ್ನು ಮತ್ತೆ ಬಡಿಯುವುದು ಸರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲೊಬ್ಬಳು ಅಮ್ಮನ ಕಲ್ಲಿನ ಮುಂದೆ ಕಾಯುತ್ತಿದ್ದಾಳೆ. ಪತ್ತೆಯಾಗಲಿಲ್ಲ ಎಂಬುದು ಸುಳ್ಳು. ಸುಳ್ಳಿಗೆ ಸಹಿ ಹಾಕಲಾರೆ ಎಂದೆ. ಅವನು ಯೋಚಿಸಿ ನೋಡಿ ಎಂದು ಫೋನಿಟ್ಟ.

ನನ್ನ ಗಂಡ ಹಿಪ್ಪುನೇರಳೆ ತೋಟದಿಂದ ಬಂದವರು ನನ್ನ ಮುಖ ನೋಡಿಯೇ ಕೇಳಿದರು. "ಏನೇ ಅದು, ಯಾವನಾದ್ರೂ ಬೈದ್ನೇನೆ?"

ಹೇಳಿದೆ.

"ಅಲ್ಲ ಕಣೇ, ಯಾವ್ದೋ ದೇಸದ ಯಾವ್ದೋ ಮುದುಕಿ. ಅವ್ರ ಮನೆಯೋರೇ ಬ್ಯಾಡ ಅಂತಾವ್ರೆ. ನಿಂಗ್ಯಾಕೆ ಇಷ್ಟೊಂದು ಅಟ?"

"ಆ ಮುದುಕಿ ಇದ್ದದ್ದು ನಿಜ, ಅದಕ್ಕೆ."

"ಅಂಗಾದ್ರೆ ಸೈನ್ ಆಕ್‌ಬ್ಯಾಡ ಬಿಡು" ಎಂದು ಕೈ ತೊಳೆಯಲು ಹೋದರು. ಅವರು ವಾದ ಮಾಡುವವರಲ್ಲ.

ಮಾರನೆಯ ದಿನ ತವರಿನಿಂದ ತಮ್ಮ ಫೋನ್ ಮಾಡಿದ. ಭೈರವಾನಿತಿಪ್ಪ ಕೆರೆಯ ಹತ್ತಿರ ನಮ್ಮ ಊರು. ಅವನು ಈಗಲೂ ಕುರಿ ಸಾಕುತ್ತಾನೆ. ಹೆಳವ ಬಂದಿದ್ದಾನೆ, ಬಾ ಎಂದ. ಹೆಳವ ಎಂದರೆ ಕೆಲವು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಆ ಮನೆಯ ತಲೆಮಾರುಗಳನ್ನು ಒಪ್ಪಿಸುವವನು. ಅವನು ಬಾಯಿಬಿಟ್ಟರೆ ಮುತ್ತಾತನ ಮುತ್ತಾತನವರೆಗೆ ಹೋಗುತ್ತಾನೆ. ತಲೆ ಕೆಟ್ಟಿತ್ತು, ಹೋದೆ. ಪಾವಗಡ, ಕಲ್ಯಾಣದುರ್ಗ, ರಾಯದುರ್ಗ ಎಂದು ಬಸ್ಸು ಬದಲಿಸುತ್ತ ಇಡೀ ದಾರಿ ಕಿವಿಯಲ್ಲಿ ದಿಲೆಯ ಟೇಪು ಹಾಕಿಕೊಂಡಿದ್ದೆ.

ಊರು ಸೇರಿದಾಗ ಸಂಜೆ. ಕುರಿ ದೊಡ್ಡಿಗೆ ಬರುವ ಹೊತ್ತು. ತಮ್ಮ ದೊಡ್ಡಿಯ ಬಾಯಲ್ಲಿ ನಿಂತು ನಾಲಿಗೆ ಉರುಳಿಸುತ್ತ ಟ್ರ್ರ್ರ್ ಎಂದು, ಚುಕ್ಕೀ, ಕೆಂಚೀ ಎಂದು ಕರೆಯುತ್ತಿದ್ದ. ನಾನು ಕೈಯಲ್ಲಿ ಚೀಲ ಹಿಡಿದು ನಿಂತಲ್ಲೇ ನಿಂತೆ. ಕಿವಿಯಿಂದ ತೆಗೆದು ಕೊರಳಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಅದೇ ಸದ್ದು ಇತ್ತು. ಬಾಲ ಎಂದರೆ ಹಣೆಯ ಮೇಲೆ ಬಿಳಿ ಇರುವುದು. ಲಾರ ಎಂದರೆ ಮಚ್ಚೆಯದು. ಮುರ್ರ ಎಂದರೆ ಕಪ್ಪಗಿರುವುದು. ಆ ಪದಗಳು ನನಗೆ ಗೊತ್ತಿದ್ದವು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಒಬ್ಬಳು ಕುರಿ ಕರೆಯುತ್ತಾಳೆ ಎಂದು ಮಾತ್ರ ಹೊಳೆದಿರಲಿಲ್ಲ. ಕುರಿಕಾರರ ಮನೆಯಲ್ಲಿ ಹುಟ್ಟಿದ ನಾನು ಮೂರು ಕುರಿಗಳನ್ನು ಒಂದು ವಂಶವೃಕ್ಷಕ್ಕೆ ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದ್ದೆ. ಆ ಮುದುಕನಿಗೆ ಸಿಟ್ಟು ಬಂದದ್ದು ನ್ಯಾಯವೇ.

"ಅಕ್ಕಾ, ಯಾಕ ಹಂಗ ನಿಂತಿ? ಆರಾಮ ಇದ್ದಿ ಇಲ್ಲೋ?" ತಮ್ಮ ಕೇಳಿದ.

"ಆರಾಮ ಅದೀನಿ. ನೀ ಕರಿ, ಕುರಿ ಕರಿ" ಎಂದೆ.

ಆ ಮೂವರು ಸುಳ್ಳು ತಂಗಿಯರು ಹೋದ ಮೇಲೆ ಟೇಪಿನಲ್ಲಿ ಒಬ್ಬಳು ಉಳಿದಳು, ನಾನು ಸರಿಯಾಗಿ ಗಮನಿಸದಿದ್ದವಳು. ದಿಲೆ ಒಂದು ಕಡೆ, ಮಗಳಿಗೆ ತಿಳಿಯದ ತನ್ನ ಮಾತಿನಲ್ಲೇ ಅವಳಿಗೆ ಹೇಳುವ ಹಾಗೆ, ನದಿಯಾಚೆಯ ನಿನ್ನ ತೇಝೆ ಮಾಡುವ ರೊಟ್ಟಿ ಹೀಗಲ್ಲ, ಎನ್ನುತ್ತಾಳೆ. ತೇಝೆ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ನಮ್ಮ ದೊಡ್ಡವ್ವ, ಚಿಕ್ಕವ್ವ ಇದ್ದ ಹಾಗೆ. ತಂದೆಯ ಕಡೆಯವಳಾದರೆ ಅವರಲ್ಲಿ ಹಾಲ ಎನ್ನುತ್ತಾರೆ, ನಮ್ಮ ಸೋದರತ್ತೆ. ಕಂಪನಿಯ ಇಂಗ್ಲಿಷ್ ಖಾನೆಯಲ್ಲಿ ಎಲ್ಲರೂ ಆಂಟಿಗಳೇ. ಹಾಗಾಗಿ ಅವಳು ದಿಲೆಯ ಗಂಡನ ಕಡೆಯವರ ಗುಂಪಿನಲ್ಲಿ ಬಿದ್ದು ಕಾಣೆಯಾಗಿದ್ದಳು. ದಿಲೆಗೆ ಒಬ್ಬ ಅಕ್ಕನೋ ತಂಗಿಯೋ ಇದ್ದಳು, ಅವಳನ್ನು ನದಿಯಾಚೆ ಕೊಟ್ಟಿದ್ದರು.

ಬೆಳಿಗ್ಗೆ ಹೆಳವ ಕಟ್ಟೆಯ ಮೇಲೆ ಕೂತು ನಮ್ಮ ಬೆಡಗು ಹೇಳಿದ. ಹಿರಿಯರೆಲ್ಲ ತಲೆದೂಗಿದರು. ಅವನು ನನ್ನ ತಂದೆಯ ಹೆಸರಿಗೆ ಬಂದು, ಅವರಿಗೆ ಒಬ್ಬ ಮಗ ಎಂದು ಮುಗಿಸಿದ.

"ನಾನು?" ಎಂದೆ.

"ಹೆಣ್ಮಕ್ಳನ್ನ ಹುಟ್ಟಿದ ಮನ್ಯಾಗ ಹೇಳಂಗಿಲ್ರಿ ಅಮ್ಮಾರ. ಕೊಟ್ಟ ಮನ್ಯಾಗ ಹೇಳ್ತೀವಿ. ಈ ಮನಿಗೆ ತಂದಾಕಿ ಇಂಥಾ ಬೆಡಗಿನಾಕಿ, ಇಂಥಾ ಊರಿನಾಕಿ ಅಂತ ಅಲ್ಲಿ ಬರ್ತದ್ರಿ."

"ಹುಟ್ಟಿದ್ದು ಇಲ್ಲಿ. ಇಲ್ಲೂ ಹೇಳು."

"ಪದ್ಧತಿ ಇಲ್ರಿ."

"ಇವತ್ತಿಂದ ಇಟ್ಟುಕೊ."

ಹಿರಿಯರು ನೆಲ ನೋಡಿದರು. ತಮ್ಮ, "ಅಕ್ಕಾ, ಸುಮ್ನಿರು" ಎಂದು ಮೆಲ್ಲಗೆ ಹೇಳಿದ. ಹೆಳವ ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನಕ್ಕು, ತಾಂಬೂಲಕ್ಕೆ ಕೈ ಚಾಚಿದ. ನಾನು ನಗಲಿಲ್ಲ.

ಆದರೆ ಅವನು ಹೇಳಿದ್ದು ತಲೆಯಲ್ಲಿ ಕೂತಿತು. ಹೆಣ್ಣಿನ ಹೆಸರು ಹುಟ್ಟಿದ ಮನೆಯಲ್ಲಿ ಸಿಗದಿದ್ದರೆ ಕೊಟ್ಟ ಮನೆಯಲ್ಲಿ ಹುಡುಕಬೇಕು. ದಿಲೆಯನ್ನು ಅವರು ಯಾರಿಗೂ ಕೊಡಲಿಲ್ಲ, ಅವಳು ಹೊರಟೇ ಹೋದಳು. ಅವಳ ಒಡಹುಟ್ಟಿದವಳನ್ನು ಕೊಟ್ಟಿದ್ದರು. ಅವಳ ಮಕ್ಕಳಿಗೆ ತಮ್ಮ ದಾಯಗಳು, ಎಂದರೆ ಸೋದರಮಾವಂದಿರು, ಯಾವ ಊರಿನ ಯಾವ ಮನೆತನ ಎಂಬುದು ಗೊತ್ತಿಲ್ಲದೇ ಇರುವುದಿಲ್ಲ. ಅಲ್ಲಿನ ಯಾರನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾರೆ. ಮುಚ್ಚಿದ ಬಾಗಿಲನ್ನು ಬಡಿಯದೆ ಹೋಗುವ ದಾರಿ ಇದೊಂದೇ.

ವಾಪಸ್ಸು ಬಂದು ಸಂಯೋಜಕನಿಗೆ ಫೋನ್ ಮಾಡಿದೆ. ಕುರಿಗಳ ವಿಷಯ ಮೊದಲು ಹೇಳಿದೆ, ತಿದ್ದಿದ ಕರಡು ಕಳಿಸಿದೆ. ಆಮೇಲೆ ಇನ್ನಷ್ಟು ಸಮಯ ಕೇಳಿದೆ.

"ಮೇಡಂ, ಮೇಲಿನವರು ಕೇಸ್ ಕ್ಲೋಸ್ ಮಾಡಿ ಅಂದಾಗಿದೆ. ನಿಮ್ಮ ಸಹಿ ಇಲ್ದಿದ್ರೆ ಬೇರೆಯವರ ಹತ್ರ ಹಾಕಿಸ್ತಾರೆ."

"ಹಾಕಿಸಲಿ. ನಾನು ಆ ಮಗಳಿಗೆ ನೇರವಾಗಿ ಬರೀತೀನಿ. ಅವರು ಬೇಡ ಅಂದ್ರೆ ನಿಲ್ಲಿಸ್ತೀನಿ, ಬೇಕು ಅಂದ್ರೆ ಕಂಪನಿಯ ಹೆಸರಿಲ್ಲದೆ ಮುಂದುವರಿಸ್ತೀನಿ."

"ಅದು ಒಪ್ಪಂದದ ವಿರುದ್ಧ ಆಗುತ್ತೆ."

"ಗೊತ್ತು. ಅದಕ್ಕೇ ಬೆನ್ನ ಹಿಂದೆ ಮಾಡದೆ ನಿನಗೆ ಹೇಳಿ ಮಾಡ್ತಿದ್ದೀನಿ."

ಕಂಪನಿ ನನ್ನನ್ನು ಕೈಬಿಟ್ಟಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆ ಕೆಲಸ ನನಗೆ ಇಷ್ಟವಿತ್ತು. ಆಸ್ಟ್ರೇಲಿಯಾದ ಮಗಳು ಮಾತ್ರ ಅದೇ ದಿನ ಉತ್ತರ ಬರೆದಳು, ಮುಂದುವರಿಸಿ ಎಂದು. ಕುರಿಗಳ ವಿಷಯ ಓದಿ ಒಬ್ಬಳೇ ಕೂತು ನಕ್ಕೆ, ಆಮೇಲೆ ನಗು ನಿಂತಿತು, ಎಂದೂ ಬರೆದಿದ್ದಳು.

ನದಿಯಾಚೆ ಎಂದರೆ ಯಾವ ಹಳ್ಳಿ? ಭೂಪಟದಲ್ಲಿ ದಿಲೆಯ ಹಳ್ಳಿಯ ಎದುರು ದಡದಲ್ಲಿ ಹೆಣ್ಣು ಕೊಟ್ಟು ತರಬಹುದಾದಷ್ಟು ಹತ್ತಿರ ಮೂರು ಹಳ್ಳಿಗಳಿದ್ದವು. ಒಂದು ಅವರದೇ ಫಿಸ್‌ನವರದು, ಬಿಟ್ಟೆ. ಉಳಿದ ಎರಡಕ್ಕೂ ಚರ್ಚು ಒಂದೇ. ಅಲ್ಲಿನ ಪಾದ್ರಿಗೆ ಫೋನ್ ಮಾಡಿದೆ. ಭಾರತದಿಂದ ಎಂದ ಕೂಡಲೇ ಅವರು, "ಯಾವ ಮಠದ ಸಿಸ್ಟರ್?" ಎಂದರು. ಸಿಸ್ಟರ್ ಅಲ್ಲ, ಪೊಲೀಸ್ ಎಂದೆ. ಗಾಬರಿಯಾದರು. ಸಮಾಧಾನ ಮಾಡಿ ವಿಷಯ ತಿಳಿಸಿದೆ. ಈ ಸಲ ಜಾಗ್ರತೆಯಾಗಿದ್ದೆ. ಗುರುತು ಪತ್ತೆ ಮಾಡಿಸುವಾಗ ಸಾಕ್ಷಿಯ ಬಾಯಿಗೆ ಹೆಸರು ಹಾಕಬಾರದು. ಮುದುಕನ ವಿಷಯದಲ್ಲಿ ಆ ನಿಯಮ ಮರೆತಿದ್ದೆ. ಪಾದ್ರಿಗೆ ದಿಲೆಯ ಹೆಸರು ಹೇಳಲಿಲ್ಲ. ಆಚೆ ದಡದ ಇಂಥ ಊರಿನ, ಇಂಥ ಮನೆತನದವರನ್ನು ದಾಯ ಎಂದು ಕರೆಯುವವರು ನಿಮ್ಮಲ್ಲಿ ಯಾರಿದ್ದಾರೆ ಎಂದು ಭಾನುವಾರದ ಪೂಜೆಯ ಮೇಲೆ ಕೇಳಿ ಎಂದಷ್ಟೇ ಕೋರಿದೆ.

ಸೋಮವಾರ ಒಬ್ಬಾಕೆ ತಾನಾಗಿ ಫೋನ್ ಮಾಡಿದಳು. ದನಿಯಲ್ಲೇ ವಯಸ್ಸಾಗಿರುವುದು ತಿಳಿಯುತ್ತಿತ್ತು.

"ನಮ್ಮವ್ವ ಆ ಮನಿಯಾಕಿ" ಎಂದಳು.

"ನಿಮ್ಮ ಅವ್ವನಿಗೆ ಒಡಹುಟ್ಟಿದವರು ಯಾರಿದ್ದರು?"

"ಒಬ್ಬ ತಮ್ಮ. ಅಂವ ಇನ್ನೂ ಅದಾನ, ನಮ್ಮ ದಾಯ." ಸ್ವಲ್ಪ ತಡೆದು, "ಇನ್ನೊಬ್ಬಾಕಿ ಇದ್ಲು. ಆಕಿ ಹೆಸ್ರು ನಾವು ಹೇಳಂಗಿಲ್ಲ" ಎಂದಳು.

ನಾನೂ ಹೇಳಲಿಲ್ಲ. ನಿಮಗೊಂದು ದನಿ ಕೇಳಿಸುತ್ತೇನೆ, ಏನೂ ಹೇಳಬೇಕೆಂದಿಲ್ಲ ಎಂದು, ಮಾತುಗಳಿಲ್ಲದ ಕಡೆ ಆಯ್ದು, ಕುರಿ ಕರೆಯುವ ತುಣುಕನ್ನಷ್ಟೇ ಫೋನಿನ ಹತ್ತಿರ ಹಿಡಿದೆ. ಬಾಲ, ಲಾರ, ಮುರ್ರ. ಟ್ರ್ರ್ರ್. ಪಾತ್ರೆಗಳ ಸದ್ದು. ಮತ್ತೆ ಬಾಲ.

ಆಕೆ ಅತ್ತಳು. ಆಮೇಲೆ ಹೇಳಿದ್ದನ್ನು ನಾನು ಬರೆದುಕೊಳ್ಳಲೂ ಇಲ್ಲ, ಅಷ್ಟು ಚೆನ್ನಾಗಿ ನೆನಪಿದೆ. ದಿಲೆ ಓಡಿಹೋದ ಸಂಜೆ ಗುಡ್ಡದಲ್ಲಿ ಅವಳ ಜೊತೆ ಇದ್ದವನು ತಮ್ಮನೇ, ಚಿಕ್ಕ ಮಗು. ದೊಡ್ಡ ಹಿಂಡನ್ನು ಮೊದಲೇ ಮನೆಯತ್ತ ಅಟ್ಟಿ, ಬಾಲ, ಲಾರ, ಮುರ್ರ, ಈ ಮೂರನ್ನು ಅವನ ಕೈಗೆ ಕೊಟ್ಟು, ನೀನು ನಡೆ, ನಾನು ಬಂದೆ, ಎಂದಳಂತೆ. ಬರಲಿಲ್ಲ. ಗಡಿ ದಾಟಿದವರ ಮನೆಯವರನ್ನು ಆಗಿನ ಸರ್ಕಾರ ಸುಮ್ಮನೆ ಬಿಡುತ್ತಿರಲಿಲ್ಲ. ತಂದೆ, ತಾಯಿ, ಆ ಮಗು, ಮೂವರನ್ನೂ ಲಾರಿಯಲ್ಲಿ ಹಾಕಿ ತಗ್ಗಿನ ಜೌಗು ನಾಡಿಗೆ ಗಡಿಪಾರು ಮಾಡಿದರು. ತಾಯಿ ಅಲ್ಲೇ ತೀರಿಕೊಂಡಳು. ಮದುವೆಯಾಗಿ ನದಿಯಾಚೆ ಹೋಗಿದ್ದ ಅಕ್ಕ ಮಾತ್ರ ಉಳಿದುಕೊಂಡಳು. ವಿಚಾರಣೆಗೆ ಕರೆದಾಗೆಲ್ಲ ತಂದೆ, ನನಗೆ ಅಂಥ ಮಗಳೇ ಇರಲಿಲ್ಲ ಎನ್ನಬೇಕಾಗಿತ್ತು. ಮಗ ಅದನ್ನೇ ಕಲಿತ.

"ದಾಯ ನಿಮಗ ಸುಳ್ಳು ಹೇಳಿಲ್ಲ" ಎಂದಳು ಆಕೆ. "ಅಂವ ಬದುಕಿದ್ದು ಆ ಮಾತು ಹೇಳಿ."

"ನಿಮ್ಮ ಅಜ್ಜಿಯ ಹೆಸರೇನು?"

"ದ್ರಾನೆ. ಯಾಕ?"

"ಆ ಹೆಸರನ್ನು ಯಾವ ಪಟದಲ್ಲೂ ಬರೆದಿಲ್ಲ. ನನಗೆ ಬೇಕು."

ಮುಂದಿನ ವಾರ ಆಕೆ, ಆಸ್ಟ್ರೇಲಿಯಾದ ಮಗಳು, ನಾನು, ಮೂವರೂ ಒಂದೇ ವಿಡಿಯೊ ಕರೆಯಲ್ಲಿ ಕೂತೆವು. ಅಲ್ಬೇನಿಯಾದಲ್ಲಿ ಬೆಳಿಗ್ಗೆ, ನನಗೆ ಮಧ್ಯಾಹ್ನ, ಆಸ್ಟ್ರೇಲಿಯಾದಲ್ಲಿ ಸಂಜೆ. ಅಕ್ಕತಂಗಿಯರ ಮಕ್ಕಳಿಬ್ಬರೂ ಮೊದಲು ಒಬ್ಬರನ್ನೊಬ್ಬರು ಕಣ್ತುಂಬ ನೋಡಿಕೊಂಡರು. ನನಗೆ ಅನುವಾದಿಸಲು ಏನೂ ಇರಲಿಲ್ಲ. ಆಮೇಲೆ ಮಗಳು, ನನ್ನಮ್ಮನಿಂದ ನಿಮಗೆಲ್ಲ ಆದದ್ದಕ್ಕೆ ನಾನು ಏನು ಹೇಳಲಿ ಎಂದಳು. ಅಲ್ಬೇನಿಯಾದಾಕೆ, ನಿನ್ನವ್ವ ಲಾರಿ ಕಳಿಸಲಿಲ್ಲ, ಕಳಿಸಿದವರು ಬೇರೆ, ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಠಾಣೆಯಲ್ಲಿ ಎಂದೂ ಹಾಗಾಗಿರಲಿಲ್ಲ.

ಕಲ್ಲಿನ ಮಾತು ಬಂತು. ಅಲ್ಲಿನ ರೂಢಿಯಲ್ಲಿ ತಂದೆಯ ಹೆಸರು ಸಾಕು. ಮಗಳು ದ್ರಾನೆಯ ಹೆಸರೂ ಬೇಕು ಎಂದಳು. ಆಕೆ ಸ್ವಲ್ಪ ಅನುಮಾನಿಸಿದಳು: "ಹಂಗ ಬರ್ಯಾದು ನಾ ನೋಡಿಲ್ಲ." ನಾನು ಬರೀ ದುಭಾಷಿ, ಬಾಯಿ ಹಾಕಬಾರದಿತ್ತು. ಹಾಕಿದೆ. ಜೌಗು ನಾಡಿನಲ್ಲಿ ಸತ್ತವಳಿಗೂ ಎಲ್ಲಾದರೊಂದು ಕಡೆ ಹೆಸರಿರಲಿ ಎಂದೆ. ಆಕೆ ತಲೆಯಾಡಿಸಿದಳು. ಹೆಸರುಗಳನ್ನು ಇದ್ದ ಹಾಗೇ ಸಾಲಾಗಿ ಬರೆದರೆ ಅಲ್ಬೇನಿಯನ್ನಿನಲ್ಲಿ ತಪ್ಪಾಗುತ್ತದೆ. ನಮ್ಮಲ್ಲಿ ಲೇಕನ, ದ್ರಾನೆಯ ಎಂದು ಹೆಸರಿನ ಕೊನೆ ಬದಲಾಗುವಂತೆ ಅಲ್ಲಿಯೂ ಬದಲಾಗಬೇಕು. ಸರಿಯಾದ ರೂಪವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕಳಿಸಿದೆ: ದಿಲೆ, ಎ ಬಿಯ ಎ ಲೇಕಸ್ ಧೆ ಎ ದ್ರಾನೆಸ್. ದಿಲೆ, ಲೇಕನ ಮತ್ತು ದ್ರಾನೆಯ ಮಗಳು.

ಸಂಯೋಜಕ ಹೇಗೋ ತಿಳಿದು ಫೋನ್ ಮಾಡಿದ. ಅಭಿನಂದನೆ ಹೇಳಿದ, ಮನಸ್ಸಿನಿಂದಲೇ ಹೇಳಿದ. ಇದನ್ನು ಕಂಪನಿಯ ಜಾಲತಾಣದಲ್ಲಿ ಹಾಕಬಹುದೇ, ಹೆಸರು, ಹಳ್ಳಿ, ಟೇಪಿನ ದನಿ ಸಮೇತ, ಎಂದು ಕೇಳಿದ.

"ಆ ಅಜ್ಜ ಒಪ್ಪಿಲ್ಲ" ಎಂದೆ.

"ಅವರನ್ನ ಕೇಳಿದ್ರಾ?"

"ಕೇಳಲ್ಲ. ಅವರ ಹಕ್ಕಿನ ವಿಷಯ ಹೇಳಿದವನು ನೀನೇ, ಅದು ಸರಿಯಾಗೇ ಇತ್ತು."

ಆ ಮುದುಕನಿಗೆ ನಾನು ಮತ್ತೆ ಫೋನ್ ಮಾಡಿರಲಿಲ್ಲ. ನದಿಯಾಚೆಯ ಸೋದರ ಸೊಸೆ ಎಲ್ಲವನ್ನೂ ಅವನಿಗೆ ಹೇಳಿದ್ದಳಂತೆ. ಕೇಳಿಸಿಕೊಂಡು, ಎದ್ದು ಹೊರಗೆ ಹೋದನಂತೆ. ಅಷ್ಟೇ ನನಗೆ ಗೊತ್ತಿದ್ದದ್ದು.

ಕೆಲವು ವಾರಗಳ ಮೇಲೆ ಹೊಸ ಕಲ್ಲು ನಿಲ್ಲಿಸಿದರು. ಮಗಳು ಅದರ ಚಿತ್ರವನ್ನು ನನಗೂ ನದಿಯಾಚೆಯಾಕೆಗೂ ಕಳಿಸಿದಳು. ಬೂದು ಬಣ್ಣದ ಕಲ್ಲು, ಹಿಂದೆ ನೀಲಗಿರಿ ಮರಗಳು. ನಾನು ನೋಡಿ ಸಂತೋಷಪಟ್ಟೆ. ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಅಲ್ಬೇನಿಯಾದ ನಂಬರು.

"ಕಲ್ಲಿನ ಪಟ ನೋಡಿದೆ" ಎಂದಿತು ಅದೇ ಗಡಸು ದನಿ. "ಸೊಸಿ ತೋರಿಸಿದ್ಲು. ಅದ್ರಾಗ ತಪ್ಪು ಐತಿ."

ತಾಯಿಯ ಹೆಸರು ಹಾಕಿಸಿದ್ದಕ್ಕೆ ಎಂದುಕೊಂಡೆ. ವಾದಕ್ಕೆ ಸಿದ್ಧಳಾದೆ.

"ಏನು ತಪ್ಪು?"

"ನಮ್ಮಪ್ಪನ ಹೆಸರಿನ್ಯಾಗ ಒಂದು ಅಕ್ಷರದ ಮ್ಯಾಲ ಎರಡು ಚುಕ್ಕಿ ಇರಬೇಕು. ಕಲ್ಲು ಕೆತ್ತಿದಾಂವ ಬಿಟ್ಟಾನ."

ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದೆ. ನಿಜ. ನಾನು ಬರೆದು ಕಳಿಸಿದ್ದರಲ್ಲಿ ಇತ್ತು, ಕಲ್ಲಿನಲ್ಲಿ ಇರಲಿಲ್ಲ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

"ಹೌದು, ಬಿಟ್ಟಿದ್ದಾರೆ" ಎಂದೆ.

"ತಿದ್ದಾಕ ಹೇಳ್ರಿ."

"ಹೇಳ್ತೀನಿ. ಇವತ್ತೇ ಹೇಳ್ತೀನಿ. ಯಾರು ಹೇಳಿದರು ಅಂತ ಮಗಳು ಕೇಳ್ತಾಳೆ. ಏನೆನ್ನಲಿ?"

ಕಾದೆ. ಕಾಯುವುದು ನನ್ನ ಹಳೆಯ ಕೆಲಸ.

"ಆಕಿ ತಮ್ಮ ಹೇಳಿದ ಅನ್ರಿ" ಎಂದ.